ಉಪ್ಪು ಬಿಟ್ಟವರು

ಬಳ್ಳಾರಿಯಿಂದ ಕುರುಗೋಡಿನ ಕಚೇರಿಗೆ ದಿನವೂ ಬಸ್ಸಿನಲ್ಲಿ ಹೋಗುವ ಗುಮಾಸ್ತ ನಾನು. ಹಣೆಯಲ್ಲಿ ಅಂಗಾರ, ಅಕ್ಷತೆ. ಎರಡೂ ಕೆನ್ನೆಗೆ ದೂರದಿಂದಲೇ ಕಾಣುವಂಥ ಗೋಪಿಚಂದನದ ಮುದ್ರೆ. ಇಷ್ಟನ್ನು ಹಚ್ಚಿಕೊಳ್ಳಲು ದಿನಾ ಕಾಲು ಗಂಟೆ ಬೇಕು. ಶಾಸ್ತ್ರ ಓದಲು ಮಾತ್ರ ಈ ನಲವತ್ತೈದು ವರ್ಷಗಳಲ್ಲಿ ಒಂದು ಕಾಲು ಗಂಟೆಯೂ ಸಿಕ್ಕಿಲ್ಲ.

ಹೋದ ಶ್ರಾವಣದಲ್ಲಿ ಹೊನ್ನೂರಮ್ಮ ಎಂಬ ಕೂಲಿ ಹೆಂಗಸು ಪಕ್ಕದಲ್ಲಿ ಕುಳಿತು, ನನ್ನ ಮುದ್ರೆ ನೋಡಿ ಕೈ ಮುಗಿದಳು.

"ಆಚಾರ್ರೇ, ಮಗಳು ತೀರಿಕೊಂಡು ತಿಂಗಳಾತ್ರಿ. ಆಕಿಗೆ ಒಳ್ಳೇದಾಗಾಕ ನಾ ಏನ್ ಮಾಡ್ಬೇಕಂತ ಶಾಸ್ತ್ರದಾಗ ಐತ್ರಿ?"

ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಬಸ್ಸಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಚಾತುರ್ಮಾಸ್ಯದಲ್ಲಿ ನಮ್ಮ ಮನೆಯಲ್ಲಿ ತಿಂಗಳಿಗೊಂದರಂತೆ ತರಕಾರಿ, ಮೊಸರು, ಹಾಲು, ಬೇಳೆ ಬಿಡುತ್ತಾರೆ. ಅದೇ ನೆನಪಾಗಿ, "ಒಂದು ವರ್ಷ ಉಪ್ಪು ಬಿಡಮ್ಮ. ಶಾಸ್ತ್ರದಾಗ ಅದ," ಎಂದಿತು ನನ್ನ ದರಿದ್ರ ನಾಲಿಗೆ.

ನಿನ್ನೆ ಆಕೆ ಮತ್ತೆ ಸಿಕ್ಕಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು, ಬಸ್ಸಿನ ಕಂಬಿಗೆ ಜೋತುಬಿದ್ದಿದ್ದಳು.

"ವರ್ಷ ತುಂಬಾಕ ಇನ್ನ ಎಂಟೇ ದಿನ ರೀ. ಒಂದ್ ಹರಳು ಉಪ್ಪು ಬಾಯಿಗಿಟ್ಟಿಲ್ಲ."

ನಿಜ ಹೇಳಬೇಕೆಂದು ಬಾಯಿ ತೆರೆದೆ. ಹೇಳಿದರೆ ಮಗಳಿಗಾಗಿ ಆಕೆ ಉಂಡ ಸಪ್ಪೆ ಅನ್ನವೆಲ್ಲ ಏನಾಗಬೇಕು? "ಒಳ್ಳೇದಾತಮ್ಮ," ಎಂದುಬಿಟ್ಟೆ.

ಹೊನ್ನೂರಮ್ಮ ನಕ್ಕಳು.

"ನಮ್ಮ ಓಣ್ಯಾಗ ಸಾವಾದ ಇನ್ನೂ ಮೂರು ಮನಿಯವ್ರಿಗೆ ಹೇಳೀನ್ರಿ, ಆಚಾರ್ರೇ. ಅವ್ರೂ ಉಪ್ಪು ಬಿಟ್ಟಾರ."