ಹದಿನೆಂಟನೇ ಅಧ್ಯಾಯದ ಟೈಪಿಸ್ಟು

ಚೆಲುವಯ್ಯನವರ ಕಾದಂಬರಿ ಅಂಗಡಿಗೆ ಬಂದ ದಿನ ಚಾಮುಂಡಿ ಬೆಟ್ಟದ ನಂದಿ ಶತಮಾನಗಳಿಂದ ಮಡಚಿಕೊಂಡಿದ್ದ ಮಂಡಿ ಬಿಡಿಸಿ ಎದ್ದು, ಮೆಟ್ಟಿಲಿಳಿದು ಪೇಟೆಗೆ ಬಂದು, ಒಂದು ಪ್ರತಿ ಕೊಂಡುಕೊಂಡು ಹೋಯಿತು. ರಿಯಾಯಿತಿಯನ್ನೂ ಕೇಳಲಿಲ್ಲ. ನಂಬದವರು ಬೆಟ್ಟ ಹತ್ತಿ ನೋಡಲಿ: ಓದಿ ಮುಗಿಸಿ ಮತ್ತೆ ಅಲ್ಲೇ ಕೂತಿದೆ ನಿಜ, ಆದರೆ ಮುಖದಲ್ಲಿ ಮೊದಲಿನ ನೆಮ್ಮದಿ ಇಲ್ಲ.

ಕಲ್ಲಿನ ಬಸವನೇ ಓದಿದ ಮೇಲೆ ಮನುಷ್ಯರು ಬಿಡುತ್ತಾರೆಯೇ? ‘ಉಗ್ರಾಣದ ಬೀಗ’ ಎಂಬ ಆ ಮುನ್ನೂರು ಪುಟದ ಪುಸ್ತಕ ಮೈಸೂರಿನ ಮನೆಮನೆಗೆ ಹಾಲಿಗಿಂತ ಮುಂಚೆ ತಲುಪುತ್ತಿತ್ತು. ಕತೆ ಊರಿಗೇ ಗೊತ್ತಿದ್ದದ್ದು. ಮೂವತ್ತು ವರ್ಷದ ಹಿಂದೆ ಬನ್ನಿಮಂಟಪದ ಹಿಂಬದಿಯ ಒಂದು ಊದುಬತ್ತಿ ಉಗ್ರಾಣದಲ್ಲಿ ಬತ್ತಿ ಹೊಸೆಯುತ್ತಿದ್ದ ದಾಕ್ಷಾಯಣಿ ಎಂಬ ಹುಡುಗಿ ಕೊಲೆಯಾಗಿದ್ದಳು. ಮಾಲೀಕನ ತಮ್ಮನನ್ನು ಹಿಡಿದರು, ಕೇಸು ನಡೆಸಿದರು, ಬಿಟ್ಟರು. ಊರು ಮರೆಯಿತು. ಕೋರ್ಟಿನ ಕಾಂಪೌಂಡಿನಲ್ಲಿ, ಹೊಂಗೆ ಮರದ ಕೆಳಗೆ ನಲವತ್ತು ವರ್ಷ ಕೂತು ಊರವರ ಅರ್ಜಿ, ಅಫಿಡವಿಟ್ಟುಗಳನ್ನು ಟೈಪು ಮಾಡಿದ ಚೆಲುವಯ್ಯನವರು ಮಾತ್ರ ಮರೆಯಲಿಲ್ಲ. ರಿಟೈರಾದ ಮೇಲೆ ಹೆಸರು ಬದಲಿಸಿ ಬರೆದರು. ಆ ಹೆಸರು ಬದಲಿಸಿದ್ದು ಆನೆಗೆ ಟೋಪಿ ಹಾಕಿ ಬಚ್ಚಿಟ್ಟ ಹಾಗಾಯಿತು.

ಓದುಗರ ಫೋನುಗಳ ಭಾರಕ್ಕೆ ಸಿದ್ಧಾರ್ಥನಗರದ ಅವರ ಮನೆಯ ಗೋಡೆ ಬಿರುಕು ಬಿಟ್ಟಿತು. ಒಬ್ಬ ಓದುಗ ಮೂರು ದಿನ ಅನ್ನ ಮುಟ್ಟಲಿಲ್ಲ. ಡಾಕ್ಟರು ಹೇಳಿದರೂ ಇಳಿಯದ ಅವನ ಹೊಟ್ಟೆ ಇಳಿದದ್ದಕ್ಕೆ ಅವನ ಹೆಂಡತಿ ಫೋನು ಮಾಡಿ ಕೃತಜ್ಞತೆ ಹೇಳಿದಳು. ಒಬ್ಬ ನಿವೃತ್ತ ಎಂಜಿನಿಯರು ನಾಲ್ಕು ಪುಟದ ಪತ್ರ ಬರೆದು, ಕಾದಂಬರಿಯ ಉಗ್ರಾಣಕ್ಕೆ ಗಾಳಿ ಕಿಟಕಿಗಳು ಸಾಲದು, ಕೊಲೆಯಾಗದಿದ್ದರೂ ಆ ಹುಡುಗಿ ಹೊಗೆಯಲ್ಲೇ ಸಾಯುತ್ತಿದ್ದಳು ಎಂದು ನಕ್ಷೆಸಮೇತ ತಿಳಿಸಿದರು. ಇನ್ನೊಬ್ಬಾಕೆ ಎರಡನೇ ಮುದ್ರಣದಲ್ಲಿ ಹುಡುಗಿಯನ್ನು ಬದುಕಿಸಲೇಬೇಕೆಂದು ಹಟ ಹಿಡಿದಳು.

ಎಲ್ಲರೂ ಒಂದೇ ದನಿಯಲ್ಲಿ ಹೊಗಳಿದ್ದು ಹದಿನೆಂಟನೇ ಅಧ್ಯಾಯವನ್ನು. ಅಲ್ಲಿ ಕೋರ್ಟಿನ ಬಡ ಟೈಪಿಸ್ಟೊಬ್ಬನ ಮುಂದೆ ಆರೋಪಿಯ ಕಡೆಯವರು ಸುಳ್ಳು ಅಫಿಡವಿಟ್ಟಿನ ಕರಡು ತಂದಿಡುತ್ತಾರೆ. ಕೊಲೆಗಾರ ಉಗ್ರಾಣಕ್ಕೆ ಬೀಗ ಹಾಕಿದ್ದನ್ನು ಕಣ್ಣಾರೆ ಕಂಡ ನೆರೆಮನೆಯ ಹೆಂಗಸಿನ ಹೆಸರಿನಲ್ಲಿ, ಆಕೆ ಯಾರನ್ನೂ ಕಂಡಿಲ್ಲ ಎಂದು ಬರೆದ ಕರಡು. ಟೈಪಿಸ್ಟು ಓದುತ್ತಾನೆ, ಏಳುತ್ತಾನೆ, ತನ್ನ ಅನ್ನದ ಮಿಷನ್ನನ್ನು ತಲೆಯ ಮೇಲೆತ್ತಿ ಅವರ ಕಾಲ ಬುಡಕ್ಕೆ ಎಸೆಯುತ್ತಾನೆ. “ಈ ಬೆರಳು ಸುಳ್ಳನ್ನು ಒತ್ತುವುದಿಲ್ಲ!”

“ಆ ಟೈಪಿಸ್ಟು ನೀವೇ ಅಲ್ವಾ ಸಾರ್?” ಎಂದು ಓದುಗರು ಕೇಳುತ್ತಿದ್ದರು.

ಚೆಲುವಯ್ಯ ಹೌದು ಎನ್ನುತ್ತಿರಲಿಲ್ಲ, ಅಲ್ಲ ಎನ್ನುತ್ತಿರಲಿಲ್ಲ. ಕಣ್ಣು ತಗ್ಗಿಸಿ ಒಂದು ನಗು ನಗುತ್ತಿದ್ದರು. ನೂರು ಹೌದುಗಳನ್ನು ಒಂದು ತಟ್ಟೆಯಲ್ಲೂ ಆ ನಗುವನ್ನು ಇನ್ನೊಂದರಲ್ಲೂ ಇಟ್ಟರೆ ನಗುವೇ ಕೆಳಗಿಳಿಯುತ್ತಿತ್ತು. ಓದುಗರ ಬಾಯಲ್ಲಿ ಮಿಷನ್ನಿನ ತೂಕವೂ ವಾರಕ್ಕೊಮ್ಮೆ ಏರುತ್ತಿತ್ತು. ಹದಿನೈದು ಕಿಲೋ ಇದ್ದದ್ದು ದಸರಾ ಹೊತ್ತಿಗೆ ನಲವತ್ತಕ್ಕೆ ಬಂದು ನಿಂತಿತು.

“ಗ್ಯಾಸ್ ಸಿಲಿಂಡ್ರು ಒಲೆ ಹತ್ರ ಇಡೋಕೆ ಬೀದಿಯೋರ್ನೆಲ್ಲಾ ಕೂಗ್ತೀರಿ,” ಎಂದಳು ಹೆಂಡತಿ ಭಾಗ್ಯಮ್ಮ. “ಮಿಷನ್ ಎಸೆದ್ರಂತೆ ಮಿಷನ್ನು!”

“ನಾನು ಎಸೆದೆ ಅಂತ ಎಲ್ಲಾದ್ರೂ ಹೇಳಿದೀನೇನೇ?”

“ಇಲ್ಲ ಅಂತಾನೂ ಹೇಳಿಲ್ವಲ್ಲ ಕಣ್ರೀ.”

ಹೀಗೆ ನಡೆಯುತ್ತಿದ್ದಾಗ ನೋಟೀಸು ಬಂತು. ಕಳಿಸಿದವನು ಹರೀಶ್, ಅಂದು ಬಿಡುಗಡೆಯಾದವನ ಅಣ್ಣನ ಮಗ. ಚಿಕ್ಕಪ್ಪ ಸತ್ತು ಹತ್ತು ವರ್ಷವಾಗಿತ್ತು. ಉಗ್ರಾಣವಿದ್ದ ಜಾಗದಲ್ಲಿ ಈಗ ಹರೀಶನ ಕಲ್ಯಾಣಮಂಟಪವಿತ್ತು. ಪುಸ್ತಕ ಬಂದ ಮೇಲೆ ಮುಹೂರ್ತಕ್ಕೆ ಜಾಗ ನೋಡಲು ಬಂದವರು “ಕೊಲೆಯಾಗಿದ್ದು ಇಲ್ಲೇನಾ?” ಎಂದು ಕೇಳಿ ಹೋಗುತ್ತಿದ್ದರು. ಅವನ ಬೇಡಿಕೆ ಚಿಕ್ಕದು. ‘ಈ ಕತೆ ಸಂಪೂರ್ಣ ಕಲ್ಪನೆ, ದಾಕ್ಷಾಯಣಿಯ ಪ್ರಕರಣಕ್ಕೂ ಇದಕ್ಕೂ ಸಂಬಂಧವಿಲ್ಲ’ ಎಂದು ಚೆಲುವಯ್ಯ ನಾಲ್ಕು ಜನರ ಮುಂದೆ ಹೇಳಬೇಕು, ಪ್ರತಿ ಪುಸ್ತಕದ ಮೊದಲ ಪುಟಕ್ಕೂ ಆ ಮಾತಿನ ಚೀಟಿ ಅಂಟಿಸಬೇಕು. ಇಲ್ಲದಿದ್ದರೆ ಕೋರ್ಟು. ಪ್ರಕಾಶಕರು ಆಗಲೇ ಬೆವೆತಿದ್ದರು. “ಭಾನುವಾರ ಓದುಗರ ಸಭೆ ಇದ್ಯಲ್ಲ, ಅಲ್ಲೇ ಹೇಳ್ಬುಡಿ ಸಾರ್. ಇಲ್ಲಾಂದ್ರೆ ಸೋಮವಾರ ಅಂಗಡಿಗಳಿಂದ ಪುಸ್ತಕ ವಾಪಸ್ ತರಿಸ್ತೀನಿ.”

“ಆ ಚೀಟಿ ಅಂಟಿಸೋಕೆ ಮುಂಚೆ ನನ್ನ ಹೆಣಕ್ಕೆ ವಿಳಾಸ ಅಂಟಿಸ್ಬೇಕು,” ಎಂದು ಗುಡುಗಿದರು ಚೆಲುವಯ್ಯ. ಆ ಗುಡುಗಿಗೆ ಕಾರಂಜಿ ಕೆರೆಯ ಹಕ್ಕಿಗಳು ಹಾರಿ ತಮಿಳುನಾಡು ಸೇರಿದವು. “ಆ ಹುಡುಗಿ ಸತ್ತಿದ್ದು ಕಲ್ಪನೇನಾ? ಕಲ್ಪನೆ ಅಂದ್ರೆ ಇನ್ನೊಂದ್ಸಲ ಕತ್ತು ಹಿಸುಕ್ದಂಗೆ. ಅನ್ನಲ್ಲ, ಹೋಗು!”

ಈ ಮಾತಿನಲ್ಲಿ ಕಾಳಿನಷ್ಟೂ ಜಳ್ಳಿರಲಿಲ್ಲ. ಅದನ್ನು ಭಾಗ್ಯಮ್ಮನೂ ಒಪ್ಪಿದಳು. ಅವಳು ಗಂಡನ ಮಾತೊಂದನ್ನು ಒಪ್ಪಿದ್ದು ಮದುವೆಯಾದ ಮೇಲೆ ಅದೇ ಮೊದಲು.

ಸಭೆ ವಿಜಯನಗರದಲ್ಲಿ, ನಿವೃತ್ತ ಅಧ್ಯಾಪಕಿ ಅಲಮೇಲು ಅವರ ಮಹಡಿಯ ಮೇಲೆ. ತಿಂಗಳಿಗೊಂದು ಪುಸ್ತಕ ಓದಿ ಸೇರುವ ಬಳಗ ಅದು. ಆ ದಿನ ಮೂರು ಸಾವಿರ ಜನ ಸೇರಿದ್ದರು. ಪ್ಲಾಸ್ಟಿಕ್ ಕುರ್ಚಿಗಳು ಇಪ್ಪತ್ತಾರೇ ಇದ್ದುವು, ನಾಲ್ಕು ಖಾಲಿ ಉಳಿದಿದ್ದುವು ಎಂಬುದು ಬೇರೆ ಮಾತು. ಅಲಮೇಲು ಕ್ಲಾಸು ತೆಗೆದುಕೊಳ್ಳುವ ಹಾಗೆ ಒಬ್ಬೊಬ್ಬರನ್ನೇ ಎಬ್ಬಿಸಿ ಅಭಿಪ್ರಾಯ ಕೇಳಿದರು. ಹೊಗಳಿಕೆ ಉಪ್ಪಿಟ್ಟಿನ ಜೊತೆಗೇ ಮೂರು ಸುತ್ತು ಬಂತು. ಚೆಲುವಯ್ಯ ಎರಡನ್ನೂ ಬೇಡವೆನ್ನಲಿಲ್ಲ.

ನಾಲ್ಕನೇ ಸಾಲಿನಿಂದ ಸೌಮ್ಯ ಎಂಬ ಕಾಲೇಜು ಹುಡುಗಿ ಎದ್ದಳು. ಪಕ್ಕದಲ್ಲಿ ಅವಳ ಅಜ್ಜಿ, ಸೆರಗು ಹೊದ್ದು, ಉಪ್ಪಿಟ್ಟಿನ ತಟ್ಟೆ ಮುಟ್ಟದೆ ಕೂತಿದ್ದಳು.

“ಸಾರ್, ನಂಗೆ ಹದಿನೆಂಟನೇ ಚಾಪ್ಟರ್ ನಂಬೋಕಾಗ್ಲಿಲ್ಲ. ಪುಸ್ತಕದಲ್ಲಿ ಎಲ್ರೂ ಹೆದರ್ತಾರೆ. ಪೊಲೀಸ್ನೋರು, ಕೂಲಿಯೋರು, ಆ ಹುಡುಗಿ ಅಪ್ಪ ಕೂಡ. ಅದೆಲ್ಲಾ ಓದಿದ್ರೆ ಮೈ ಜುಮ್ ಅನ್ನತ್ತೆ. ಆ ಟೈಪಿಸ್ಟ್ ಒಬ್ನೇ ಸಿನಿಮಾದಿಂದ ಬಂದಂಗಿದಾನೆ.”

“ಧೈರ್ಯವಂತರು ಸಿನಿಮಾದಲ್ಲಿ ಮಾತ್ರ ಇರ್ತಾರೇನಮ್ಮ?” ಎಂದು ಚೆಲುವಯ್ಯ ಆ ಹಳೆಯ ನಗು ನಕ್ಕರು. ಸಭೆ ಚಪ್ಪಾಳೆ ತಟ್ಟಿತು.

ಚಪ್ಪಾಳೆ ನಿಲ್ಲುವಷ್ಟರಲ್ಲಿ ಹರೀಶ್ ಮೆಟ್ಟಿಲು ಹತ್ತಿ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲೊಂದು ಫೈಲು. ಜಗಳಕ್ಕೆ ಬಂದವನ ಹಾಗಿರಲಿಲ್ಲ, ಮದುವೆಗೆ ಕರೆಯಲು ಬಂದವನ ಹಾಗಿದ್ದ.

“ಕ್ಷಮಿಸಿ ಮೇಡಂ, ಎರಡೇ ನಿಮಿಷ,” ಎಂದು ಅಲಮೇಲು ಅವರಿಗೆ ಕೈಮುಗಿದು ಚೆಲುವಯ್ಯನವರ ಕಡೆ ತಿರುಗಿದ. “ಸಾರ್, ನಿಮ್ಮ ಪುಸ್ತಕದಲ್ಲಿ ನೆರೆಮನೆ ಹೆಂಗ್ಸು ಎಲ್ಲಾ ನೋಡಿದ್ಲು ಅಂತಿದೆ. ಇದು ಕೋರ್ಟಿನ ದಾಖಲೆ, ಸರ್ಟಿಫೈಡ್ ಕಾಪಿ. ನಿಜವಾದ ಸಾಕ್ಷಿ ಸಿದ್ದಲಿಂಗಮ್ಮ, ‘ಆ ದಿನ ನಾನು ಯಾರನ್ನೂ ಕಂಡಿರುವುದಿಲ್ಲ’ ಅಂತ ಅಫಿಡವಿಟ್ ಕೊಟ್ಟು ಹೆಬ್ಬೆಟ್ಟು ಒತ್ತಿದಾಳೆ. ಆಮೇಲೆ ಕೋರ್ಟಲ್ಲಿ ನಿಂತು ನೋಡಿದೆ ಅಂದ್ಲು. ಈ ಕಾಗದ ತೋರಿಸಿದ ತಕ್ಷಣ ಅವಳ ಮಾತು ಬಿದ್ದೋಯ್ತು. ಹೆಬ್ಬೆಟ್ಟು ನಿಜಾನೋ, ನಿಮ್ಮ ಪುಸ್ತಕ ನಿಜಾನೋ? ಕಲ್ಪನೆ ಅಂತ ಒಂದ್ಮಾತು ಹೇಳ್ಬುಡಿ. ನಿಮಗೂ ಮರ್ಯಾದೆ, ನಮಗೂ ಮರ್ಯಾದೆ.”

“ಕಾಗದಕ್ಕೇನಯ್ಯಾ, ಕತ್ತೆನೂ ತಿನ್ನತ್ತೆ!” ಎಂದು ಚೆಲುವಯ್ಯ ಎದ್ದು ನಿಂತರು. “ನಿಮ್ಮ ದುಡ್ಡಿಗೆ ಬಗ್ಗೋ ಕಾಗದ ಸಾವಿರ ಇರಬಹುದು. ನನ್ನ ಪುಸ್ತಕ ಬಗ್ಗಲ್ಲ! ನಂದು ಒಂದಕ್ಷರ ಸುಳ್ಳಿದ್ರೆ ಈ ಮಹಡಿಯಿಂದ ಹಾರ್ತೀನಿ.”

“ಹಾರ್ಬೇಡಿ ಸಾಮಿ, ಕೆಳ್ಗೆ ಗುಲಾಬಿ ಪಾಟ್ ಅವೆ.”

ಮಾತಾಡಿದ್ದು ಸೌಮ್ಯಳ ಅಜ್ಜಿ. ಆಕೆ ಮೆಲ್ಲಗೆ ಎದ್ದು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದಳು. ಹರೀಶನ ಕೈಯಿಂದ ಕಾಗದ ಕೇಳಿ ತೆಗೆದುಕೊಂಡಳು, ಅದರ ಬುಡದಲ್ಲಿದ್ದ ಕಪ್ಪು ಗುರುತಿನ ಮೇಲೆ ತನ್ನ ಹೆಬ್ಬೆರಳನ್ನಿಟ್ಟು ನೋಡಿ ಅವನಿಗೇ ವಾಪಸು ಕೊಟ್ಟಳು.

“ನಂದೇಯ. ನಾನೇ ಸಿದ್ದಲಿಂಗಮ್ಮ.”

ಚೆಲುವಯ್ಯನವರು ಆಕೆಯ ಮುಖ ನೋಡಿದವರು, ಗಿಡಕ್ಕೆ ನೀರು ಬಿಡುವ ಪೈಪಿನ ಕಡೆ ನೋಡಿದರು.

“ಮೊಮ್ಮಗಳ ಕೈಲಿ ನಿಮ್ಮ ಪುಸ್ತಕ ಪೂರಾ ಓದಿಸ್ದೆ ಸಾಮಿ,” ಎಂದಳು ಸಿದ್ದಲಿಂಗಮ್ಮ. “ಹದಿನೆಂಟ್ನೇದನ್ನ ಮೂರ್ ದಪ ಓದಿಸ್ದೆ. ಸಂದಾಗದೆ. ನಿಮ್ಮ ಪುಸ್ತಕದಾಗೆ ನಾನು ನಿಜ ಹೇಳಿ ಸೈ ಅನ್ನಿಸ್ಕಂಡಿವ್ನಿ. ನಮ್ಮ ಬೀದೀಲಿ ಇವತ್ಗೂ ನಾನು ಸುಳ್ಳಿ ಸಿದ್ದಿ. ದಾಕ್ಷಾಯಣಿ ಅವ್ವ ಸಾಯೋಗಂಟ ನನ್ನ ಮುಖ ನೋಡ್ನಿಲ್ಲ, ಕಾಸ್ ತಕ್ಕಂಡೆ ಅಂದ್ಕಂಡ್ಳು. ಅದುಕ್ಕೇ ಒಂದ್ಮಾತು ಕೇಳವ ಅಂತ ಬಂದೆ. ಆ ಟೈಪಿನೋನು ಮಿಷನ್ ಎತ್ತಿ ಒಗೆದಿದ್ರೆ, ಈ ಕಾಗ್ದ ಎಲ್ಲಿಂದ ಬಂತು?”

ನಲವತ್ತು ಕಿಲೋದ ಮಿಷನ್ನು ಆ ಕ್ಷಣಕ್ಕೆ ಚೆಲುವಯ್ಯನವರ ಎದೆಯ ಮೇಲೆ ಕೂತಿತು.

“ಅದು... ಕಾದಂಬರಿ ಅಂದ್ಮೇಲೆ ಸ್ವಲ್ಪ...”

“ಸ್ವಲ್ಪ ಏನು?” ಹರೀಶ್ ಮುಗುಳ್ನಕ್ಕ. “ಕಲ್ಪನೆ ತಾನೆ? ಅಷ್ಟೇ ನಾನು ಕೇಳ್ತಿರೋದು. ಹೇಳಿ, ನಾನು ಹೊರಡ್ತೀನಿ.”

ಎಷ್ಟು ಸುಲಭವಾಗಿತ್ತು! ಕಲ್ಪನೆ ಎಂದರೆ ಮಿಷನ್ನು ಎಸೆದ ವೀರ ಮುನ್ನೂರು ಪುಟಗಳಲ್ಲಿ ಹಾಗೇ ಉಳಿಯುತ್ತಿದ್ದ. ಓದುಗರು ಫೋನು ಮಾಡುತ್ತಲೇ ಇರುತ್ತಿದ್ದರು. ಪುಸ್ತಕ ಅಂಗಡಿಯಲ್ಲಿರುತ್ತಿತ್ತು. ಸಿದ್ದಲಿಂಗಮ್ಮ ಮಾತ್ರ ಸುಳ್ಳಿಯಾಗಿಯೇ ಬಸ್ಸು ಹತ್ತುತ್ತಿದ್ದಳು. ಅವರು ಮೊದಲ ಸಾಲಿನಲ್ಲಿ ಕೂತಿದ್ದ ಹೆಂಡತಿಯ ಕಡೆ ನೋಡಿದರು. ಭಾಗ್ಯಮ್ಮ ಗದರಲಿಲ್ಲ, ಕೊಂಕಾಡಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ಅದು ಗದರುವುದಕ್ಕಿಂತ ಕಷ್ಟವಾಗಿತ್ತು.

“ಕಲ್ಪನೆ ಅಲ್ಲ,” ಎಂದರು ಚೆಲುವಯ್ಯ. “ಹದಿನೆಂಟನೇ ಅಧ್ಯಾಯ ಒಂದು ಬಿಟ್ಟು ಯಾವುದೂ ಕಲ್ಪನೆ ಅಲ್ಲ. ಹರೀಶಪ್ಪಾ, ಆ ಕಾಗದದ ಕೊನೇ ಹಾಳೆ ತೆಗಿ. ತಾರೀಖು ನೋಡು. ಟೈಪಿದ್ಯಾ, ಪೆನ್ನಿದ್ಯಾ?”

ಹರೀಶ್ ನೋಡಿದ. ಹಾಳೆಯನ್ನು ಫೈಲಿಗೆ ಸೇರಿಸಹೋದ. ಅಲಮೇಲು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, “ಪೆನ್ನು. ಹೆಸರೂ ಪೆನ್ನಲ್ಲೇ ತುಂಬಿದೆ,” ಎಂದರು.

“ಅದು ನನ್ನ ಕೈಬರಹ. ಯಾಕೆ ಪೆನ್ನು ಅಂದ್ರೆ, ಕೊನೇ ಹಾಳೆ ಮುಂಚೇನೇ ರೆಡಿ ಇರ್ತಿತ್ತು. ಬೆಳಗ್ಗೆ ಬಂದ ತಕ್ಷಣ ಕಾರ್ಬನ್ನಿಟ್ಟು ಒಂದು ಕಟ್ಟು ಟೈಪ್ ಮಾಡಿ ಇಟ್ಕೋತಿದ್ದೆ. ಎಲ್ಲಾ ಹಾಳೇಲೂ ಒಂದೇ ಮಾತು: ‘ಮೇಲ್ಕಂಡದ್ದನ್ನು ಓದಿ ಹೇಳಲಾಗಿ, ಕೇಳಿ, ಸರಿಯಾಗಿದೆಯೆಂದು ಒಪ್ಪಿ ಹೆಬ್ಬೆಟ್ಟು ಒತ್ತಿರುತ್ತೇನೆ.’ ಎದುರಿಗೆ ಯಾರು ಬಂದು ಕೂರ್ತಾರೆ ಅಂತ ನನಗೆ ಗೊತ್ತಾಗೋಕೆ ಮುಂಚೇನೇ ಅವರು ಕೇಳಿ ಒಪ್ಪಿರ್ತಿದ್ರು. ಓದೋಕೆ ಬರದೋರಿಗೆ ಓದಿ ಹೇಳ್ಬೇಕಾದ್ದು ನಾನು. ಈಯಮ್ಮನಿಗೆ ಓದಿ ಹೇಳಿಲ್ಲ. ಹೇಳಿದ್ರೆ ಹೆಬ್ಬೆಟ್ಟು ಒತ್ತುತ್ತಿರಲಿಲ್ಲ. ಮೂವತ್ತು ವರ್ಷದಿಂದ ಅವರು ಸುಳ್ಳಿ ಅಲ್ಲ. ಸುಳ್ಳ ನಾನು. ಈ ಮಾತನ್ನ ಇಲ್ಲೂ ಹೇಳ್ತೀನಿ, ಕೋರ್ಟಲ್ಲೂ ಹೇಳ್ತೀನಿ, ನಿನ್ನ ಕಲ್ಯಾಣಮಂಟಪದ ಮೈಕಲ್ಲೂ ಹೇಳ್ತೀನಿ. ಹಾಕು ಕೇಸು. ಚೀಟಿ ಅಂಟಿಸಲ್ಲ.”

ಹರೀಶ್ ಫೈಲು ಮುಚ್ಚಿದ. “ಇದಕ್ಕೆಲ್ಲಾ ಪ್ರೂಫ್ ಬೇಕಾಗತ್ತೆ ಸಾರ್,” ಎಂದ. ದನಿಯಲ್ಲಿ ಮದುವೆ ಕರೆಯುವವನ ಸವಿ ಉಳಿದಿರಲಿಲ್ಲ.

“ನೀನೇ ತಂದಿದೀಯಲ್ಲಪ್ಪ ಪ್ರೂಫು,” ಎಂದಳು ಭಾಗ್ಯಮ್ಮ.

ಸಿದ್ದಲಿಂಗಮ್ಮ ಅದಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಆಕೆ ಚೆಲುವಯ್ಯನವರ ಮುಂದೆ ಇನ್ನೂ ನಿಂತೇ ಇದ್ದಳು.

“ಓದಿ ಹೇಳ್ನಿಲ್ಲ, ಆಯ್ತು. ಊಟದ್ ವತ್ತು, ಜನ ಇದ್ರು, ಬುಡಿ. ಒಪ್ಕತೀನಿ. ಆದ್ರೆ ನಿಮ್ಗೆ ಗೊತ್ತಿತ್ತಾ? ಅದು ಸುಳ್ಳು ಅಂತ?”

ಚೆಲುವಯ್ಯನವರ ನಾಲಿಗೆಯ ತುದಿಗೆ ಒಂದು ‘ಇಲ್ಲ’ ಬಂದಿತ್ತು. ಹೊರಗೆ ಬಿಟ್ಟಿದ್ದರೆ ಎಲ್ಲರೂ ನಂಬುತ್ತಿದ್ದರು. ಅವರು ಕುರ್ಚಿಯ ಮೇಲೆ ಕೂತರು.

“ಗೊತ್ತಿತ್ತು ಕಣಮ್ಮ. ಕರಡು ತಂದೋರು ನಿಮ್ಮನ್ನ ನನ್ನ ಮುಂದೆ ಕೂರಿಸಿ, ‘ಎಲ್ಲಾ ಹೇಳ್ಬುಡಮ್ಮ, ಇವರು ಬರ್ಕೋತಾರೆ, ಆಮೇಲೆ ಪದೇ ಪದೇ ಕೋರ್ಟಿಗೆ ಬರ್ಬೇಕಾಗಿಲ್ಲ’ ಅಂದ್ರು. ನೀವು ಹೇಳೋಕೆ ಶುರು ಮಾಡಿದ್ರಿ. ಅವನು ಬಾಗಿಲು ಎಳೆದಿದ್ದು, ಬೀಗ ಹಾಕಿದ್ದು, ಕೈ ಒರೆಸ್ಕೊಂಡಿದ್ದು, ಎಲ್ಲಾ. ನಡುವೆ ಒಂದ್ಸಲ ನಿಲ್ಲಿಸಿ, ‘ಬಿರಬಿರ್ನೆ ಹೇಳ್ತಾ ಇವ್ನಾ ಸಾಮಿ, ನಿಧಾನಕ್ಕೆ ಹೇಳ್ಲಾ’ ಅಂತ ಕೇಳಿದ್ರಿ. ಪರವಾಗಿಲ್ಲ, ಹೇಳಿ ಅಂದೆ. ನೀವು ಅದನ್ನ ಹೇಳ್ತಾನೇ ಇದ್ರಿ. ನಾನು ಇದನ್ನ ಟೈಪ್ ಮಾಡ್ತಾನೇ ಇದ್ದೆ.”