ಬೇಕರಿಯ ಹಿಂಬಾಗಿಲು

ಹಾಸಿಗೆಯ ದೊಡ್ಡ ಹೊದಿಕೆಯ ಒಂದು ತುದಿ ಅವಳ ಕೈಯಲ್ಲಿತ್ತು, ಇನ್ನೊಂದು ಮಗಳ ಕೈಯಲ್ಲಿ. ಇಬ್ಬರೂ ಎದುರುಬದುರು ನಿಂತು ಹಿಂಡುತ್ತಿದ್ದಾಗ ಕರೆಗಂಟೆ ಸದ್ದಾಯಿತು. ಮಗಳು ಕೈಬಿಟ್ಟಳು. ಅರ್ಧ ಹಿಂಡಿದ ಹೊದಿಕೆ ಬಿಚ್ಚಿಕೊಂಡು ಹಿತ್ತಿಲ ಮಣ್ಣಿಗೆ ಬಿತ್ತು.

"ಮನೇಲಿ ಯಾರೂ ಇಲ್ಲ ಅಂದುಬಿಡ್ಲಾ?" ಎಂದಳು ಮಗಳು.

"ಹೇಳು ಹೋಗು. ಅಷ್ಟರಲ್ಲಿ ನಿಮ್ಮಜ್ಜಿ ಬಾಗಿಲು ತೆಗೆದು ಕೂರಿಸಿರ್ತಾರೆ."

ಹಾಗೆಯೇ ಆಗಿತ್ತು. ಅತ್ತೆಯ ಅಕ್ಕ ಹುಡುಗಿಯಾಗಿದ್ದಾಗ, ಯುದ್ಧದ ಕಾಲದಲ್ಲಿ ಬರೆದಿಟ್ಟಿದ್ದ ದಿನಚರಿ ಅವರು ತೀರಿಕೊಂಡ ಮೇಲೆ ಪುಸ್ತಕವಾಯಿತು. ಅಂದಿನಿಂದ ಈ ಮನೆಗೆ ಹೊತ್ತುಗೊತ್ತಿಲ್ಲ. ಓದಿದವರೆಲ್ಲ ಬರುತ್ತಾರೆ, ಆ ಹುಡುಗಿ ಕೂತು ಬರೆದ ಕಿಟಕಿ ತೋರಿಸಿ ಎನ್ನುತ್ತಾರೆ. ಒಬ್ಬಾಕೆ ಕಿಟಕಿಯ ಸರಳು ಹಿಡಿದು ಬಿಕ್ಕಿಬಿಕ್ಕಿ ಅತ್ತು, ಮೂಗೊರೆಸಿಕೊಂಡು, ಬಚ್ಚಲುಮನೆ ಎಲ್ಲಿ ಎಂದು ವಿಚಾರಿಸಿದ್ದರು. ಫೋಟೋದಲ್ಲಿ ಚಡ್ಡಿಗಳು ಬೀಳುತ್ತವೆ, ಹಗ್ಗದ ಮೇಲಿನ ಬಟ್ಟೆ ಸ್ವಲ್ಪ ತೆಗೆಯುತ್ತೀರಾ ಎಂದು ಕೇಳಿದವರೂ ಉಂಟು. ಗಂಡ ಬೆಳಗ್ಗೆ ಬೇಗ ಕೆಲಸಕ್ಕೆ ಹೊರಟು ಪಾರಾಗುತ್ತಿದ್ದ. ಮನೆ ಒರೆಸಿ, ಬಂದವರ ಹೆಜ್ಜೆಗುರುತು ಮತ್ತೆ ಒರೆಸುವುದು ಇವಳ ಪಾಲಿಗೆ.

ಇವತ್ತು ಬಂದವರು ಪುರಸಭೆಯ ಸ್ಮಾರಕ ಸಮಿತಿಯವರೊಬ್ಬರು. ಅಳತೆಯ ಟೇಪನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡುವ ಮನುಷ್ಯ. ಊಟದ ಮೇಜಿನ ಮೇಲೆ ನಕ್ಷೆ ಹರಡಿ, ಅದು ಸುರುಳಿಯಾಗದಿರಲೆಂದು ಇವಳ ಉಪ್ಪಿನ ಡಬ್ಬಿಯನ್ನೇ ಇಟ್ಟಿದ್ದರು. ರಸ್ತೆಯಾಚೆಯ ಬೇಕರಿಯ ಹಿಂಗೋಡೆಗೆ ಕಲ್ಲಿನ ಫಲಕ ಕೂರಿಸುತ್ತಾರಂತೆ. ಅದರ ಮೇಲೆ ಕೆತ್ತುವ ಸಾಲು: ಈ ಬಾಗಿಲು ತೆರೆಯಲಿಲ್ಲ.

ಪುಸ್ತಕ ಓದಿದವರಿಗೆಲ್ಲ ಬಾಯಿಪಾಠವಾಗಿದ್ದ ಪುಟ ಅದು. ಹುಡುಗಿಯರ ಅಮ್ಮ ಹಸಿವಿನಿಂದ ಎದ್ದು ಕೂರಲಾರದ ಸ್ಥಿತಿಯಲ್ಲಿದ್ದಳು. ಅವರು ಆ ಬೀದಿಗೆ ಬಂದು ಇನ್ನೂ ಕೆಲವೇ ದಿನಗಳಾಗಿದ್ದವು, ಮುಂದಿನ ರಸ್ತೆಯಲ್ಲಿ ಸೈನಿಕರಿದ್ದರು. ಹಿಂದಿನ ಓಣಿಯಿಂದ ಹೋಗಿ ಬೇಕರಿಯವನ ಹತ್ತಿರ ಒಂದು ಬ್ರೆಡ್ಡು ಕೇಳಿಕೊಂಡು ಬಾ ಎಂದು ಅಕ್ಕ ಪುಟ್ಟ ತಂಗಿಯನ್ನು ಕಳಿಸಿದಳು. ಎಷ್ಟು ತಟ್ಟಿದರೂ ಬಾಗಿಲು ತೆರೆಯಲಿಲ್ಲ ಎಂದು ತಂಗಿ ಬರಿಗೈಯಲ್ಲಿ ಬಂದಳು. ಅಮ್ಮ ಉಳಿಯಲಿಲ್ಲ. ಆ ಪುಟ್ಟ ತಂಗಿಯೇ ಅತ್ತೆ.

ಅತ್ತೆ ಆಗಲೇ ಮೇಜು ತಟ್ಟಿ ತೋರಿಸುತ್ತಿದ್ದರು. ಪುಸ್ತಕ ಬಂದ ಹೊಸದರಲ್ಲಿ ಒಂದು ಕೈಯಿಂದ ತಟ್ಟುತ್ತಿದ್ದರು. ಆಮೇಲೆ ಎರಡೂ ಕೈ ಬಂತು. ಈಚೆಗೆ ಅವರು ಹೇಳುವ ಕಥೆಯಲ್ಲಿ ಗೆಣ್ಣುಗಳಿಂದ ರಕ್ತವೂ ಬರತೊಡಗಿತ್ತು. ಸಮಿತಿಯವರು ತಲೆ ತಗ್ಗಿಸಿ ಕೇಳಿದರು. ಆ ದಿನ ಕಂಡವರು ಇನ್ನು ಉಳಿದಿರುವುದು ನೀವೊಬ್ಬರೇ, ನಿಮ್ಮ ಒಪ್ಪಿಗೆಯ ಸಹಿ ಬೇಕು, ಬೇಕರಿಯವರೂ ಬೇಡ ಎನ್ನಲಿಲ್ಲ, ಸಂಜೆ ಬರುತ್ತೇನೆ ಎಂದು ಹೇಳಿ ಎದ್ದರು. ಹೋಗುವಾಗ ನಕ್ಷೆಯ ಜೊತೆ ಉಪ್ಪಿನ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಅವಳು ಕೈಚಾಚಿ ಇಸಿದುಕೊಂಡಳು.

ಹೊದಿಕೆಯನ್ನು ಮತ್ತೆ ನೆನೆಹಾಕಿ, ಮಗಳನ್ನು ಕರೆದುಕೊಂಡು ಬ್ರೆಡ್ಡು ತರಲು ಅದೇ ಬೇಕರಿಗೆ ಹೊರಟಳು. ಬೀದಿಯವರೆಲ್ಲ ಈಗ ಆಚೆ ಬೀದಿಯ ಅಂಗಡಿಗೆ ಹೋಗುತ್ತಿದ್ದರು. ಬೇಕರಿಯವರ ಮೊಮ್ಮಗಳು ಶಾಲೆಯಲ್ಲಿ ಮಗಳ ಪಕ್ಕದಲ್ಲೇ ಕೂರುವವಳು. ತರಗತಿಯಲ್ಲಿ ಆ ಪುಟ ಓದಿಸಿದ ಮೇಲೆ ಅವಳು ಕೊಟ್ಟ ಬಿಸ್ಕತ್ತನ್ನು ಯಾರೂ ಮುಟ್ಟುತ್ತಿಲ್ಲ. ಅವಳನ್ನು ಬೇರೆ ಶಾಲೆಗೆ ಹಾಕುತ್ತಾರಂತೆ ಎಂದು ಮಗಳು ದಾರಿಯಲ್ಲಿ ಹೇಳಿದಳು. ಎರಡು ಸಲ ಹೇಳಿದಳು.

ಅಂಗಡಿಯ ಮುಂಭಾಗದಲ್ಲಿ ಯಾರೂ ಇರಲಿಲ್ಲ. ಬೇಕರಿಯ ಮುದುಕ ಹಿಂದುಗಡೆ ಓಣಿಯಲ್ಲಿ, ತಿರುಗಣೆ ಮೊಳೆ ಬಾಯಲ್ಲಿ ಕಚ್ಚಿಕೊಂಡು ಬಾಗಿಲಿನ ಕೀಲು ಬಿಗಿಯುತ್ತಿದ್ದರು. ಬಾಗಿಲಿನ ಬಣ್ಣ ಎದೆಮಟ್ಟದಲ್ಲಿ ಸವೆದು ಮರ ಕಾಣುತ್ತಿತ್ತು.

"ನೋಡಮ್ಮ, ಬಂದವರೆಲ್ಲ ತಟ್ಟಿ ತಟ್ಟಿ ಕೀಲೇ ಕಿತ್ತು ಬಂದಿದೆ," ಎಂದರು ಮೊಳೆ ತೆಗೆದು. "ಫೋಟೋ ಬೇಕಂತೆ ಅವರಿಗೆ. ತೆಗೆದ್ರೆ ಬೈತಾರೆ, ಫೋಟೋ ಹಾಳಾಯ್ತು ಅಂತ. ತೆಗೀದಿದ್ರೆ, ಅಪ್ಪನ ಹಾಗೇ ಮಗ ಅಂತಾರೆ."

ಅವಳು ಸವೆದ ಮರದ ಮೇಲೆ ಕೈಯಾಡಿಸಿದಳು. ಬಾಗಿಲು ಗಟ್ಟಿಯಾಗೇ ಇದೆಯಲ್ಲ, ಹಳೇ ಕಾಲದ ಮರ ಎಂದಳು.

"ಹಳೇದೆಲ್ಲಿ ಬಂತು? ನನ್ನ ಮದುವೆಯಾದ ವರ್ಷ ಇಡಿಸಿದ್ದು. ನಮ್ಮನೆಯವಳು ಬೆಕ್ಕು ನುಗ್ಗುತ್ತೆ ಅಂತ ದಿನಾ ಜಗಳ ತೆಗೀತಿದ್ಲು. ಅಪ್ಪನ ಕಾಲದಲ್ಲಿ ಇಲ್ಲಿ ಬರೀ ಗೋಣಿತಾಟು ನೇತಾಡ್ತಿತ್ತು. ಒಲೆ ಕಾವಿಗೆ ಬಾಗಿಲು ಯಾರು ಇಡ್ತಾರೆ?"

ಅಷ್ಟು ಹೇಳಿ ಮುದುಕ ಮತ್ತೆ ಕೀಲಿಗೆ ಬಗ್ಗಿದರು. ತಾವು ಏನು ಹೇಳಿದೆವೆಂಬುದು ಅವರಿಗೆ ಹೊಳೆದ ಹಾಗೆ ಕಾಣಲಿಲ್ಲ. ಅಪ್ಪನ ತಪ್ಪನ್ನು ಅವರು ಎಂದೋ ಒಪ್ಪಿಕೊಂಡುಬಿಟ್ಟಿದ್ದರು. ಅಚ್ಚಾಗಿ ಬಂದ ಮೇಲೆ ಇನ್ನೇನು ಎನ್ನುವ ಸ್ವಭಾವದವರು. ಮಗಳು ಮಾತ್ರ ಬಾಗಿಲನ್ನೇ ನೋಡುತ್ತ ನಿಂತಿದ್ದಳು. ಅವಳು ಮಗಳ ತೋಳು ಹಿಡಿದು ಎಳೆದುಕೊಂಡು ಬಂದಳು, ಬ್ರೆಡ್ಡು ಕೊಳ್ಳುವುದನ್ನೇ ಮರೆತು.

ಮನೆಯಲ್ಲಿ ಪಾತ್ರೆಗಳು ಎಂದಿಗಿಂತ ಜೋರಾಗಿ ಸದ್ದು ಮಾಡಿದವು. ಅವಳಿಗೆ ಎಲ್ಲರ ಮೇಲೂ ಸಿಟ್ಟು ಬಂದಿತ್ತು. ಬರೆದಿಟ್ಟು ಹೋದ ಅತ್ತೆಯ ಅಕ್ಕನ ಮೇಲೆ, ಅಚ್ಚು ಹಾಕಿಸಿದವರ ಮೇಲೆ, ಕೀಲು ಬಿಗಿಯುತ್ತ ಕೂತ ಮುದುಕನ ಮೇಲೆ. ಅತ್ತೆಯ ಮೇಲೆ ಬಂದ ಸಿಟ್ಟು ಮಾತ್ರ ಹೆಚ್ಚು ಹೊತ್ತು ಉಳಿಯಲಿಲ್ಲ. ಅವರು ಅಡುಗೆಮನೆಯ ಹೊಸ್ತಿಲ ಹತ್ತಿರ ಬಟಾಣಿ ಸುಲಿಯುತ್ತ ಕೂತಿದ್ದರು. ಆ ಕೈಗಳು ಈಗಲೂ ಮಗುವಿನ ಕೈಗಳಷ್ಟೇ ಚಿಕ್ಕವು. ಕತ್ತಲ ಓಣಿ, ಗುಂಡಿನ ಸದ್ದು. ಆ ಮಗು ಎಲ್ಲಿಯವರೆಗೆ ಹೋಗಿದ್ದೀತು? ಮೂಲೆಯವರೆಗೆ? ಈ ಮನೆಯ ಮೆಟ್ಟಿಲವರೆಗೆ?

"ಸಹಿ ಹಾಕ್ಲೇಬೇಕಾ ಅತ್ತೆ?" ಎಂದಳು ಕೊನೆಗೆ. "ಆ ಮುದುಕರೂ ಬದುಕಬೇಕಲ್ಲ."

"ನಾನೇನು ಸುಳ್ಳು ಹೇಳ್ತೀನಾ?" ಎಂದರು ಅತ್ತೆ, ಬಟಾಣಿಯಿಂದ ತಲೆಯೆತ್ತದೆ. "ಅಕ್ಕ ಬರೆದಿದ್ದಾಳೆ. ಓದ್ಕೋ."

ಅವಳು ತಿರುಗಿ ಪಾತ್ರೆಗೆ ಕೈಹಾಕಿದಳು. ಮಗಳು ಅಂಗಳದಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಮಧ್ಯಾಹ್ನ ಊಟಕ್ಕೆ ಕೂತಾಗ ತಟ್ಟೆಯನ್ನು ಸುಮ್ಮನೆ ಕೆದಕುತ್ತಿದ್ದಳು. ಏನಾಯ್ತೇ ಎಂದು ಅತ್ತೆ ತಲೆ ಸವರಿದರೆ ತಲೆ ಪಕ್ಕಕ್ಕೆ ಸರಿಸಿದಳು.

ಇಳಿಹೊತ್ತಿಗೆ ಹೊದಿಕೆ ಒಣಗಿತ್ತು. ಅದನ್ನು ಮಡಿಸಲು ಅತ್ತೆ ಎಂದಿನಂತೆ ತಾವಾಗಿಯೇ ಬಂದು ಎದುರಿನ ಎರಡು ಮೂಲೆ ಹಿಡಿದರು. ಇಬ್ಬರೂ ಎಳೆದು ಸುಕ್ಕು ಬಿಡಿಸಿದರು. ಬೀದಿಯ ಬಾಗಿಲಲ್ಲಿ ಕರೆಗಂಟೆ ಸದ್ದಾಯಿತು. ಇಬ್ಬರ ಕೈಯೂ ಬಿಡುವಿರಲಿಲ್ಲ.

"ಹೋಗಿ ಬಾಗಿಲು ತೆಗಿ ಪುಟ್ಟಾ," ಎಂದರು ಅತ್ತೆ.

ಮಗಳು ಕದಲಲಿಲ್ಲ. ಎಳೆದು ಹಿಡಿದ ಹೊದಿಕೆಯ ಅಡಿಯಿಂದ ನುಸುಳಿ ಬಂದು ಅಜ್ಜಿಯ ಮುಂದೆ ನಿಂತು, ಮುಖವೆತ್ತಿ ನೋಡಿದಳು. ಕರೆಗಂಟೆ ಮತ್ತೆ ಸದ್ದಾಯಿತು. ಅವಳ ದನಿ ತೀರಾ ಮೆತ್ತಗಿತ್ತು.

"ಅಜ್ಜಿ, ಆವಾಗ ಅಲ್ಲಿ ಬಾಗಿಲೇ ಇರ್ಲಿಲ್ವಂತೆ. ನೀನು ಏನನ್ನ ತಟ್ಟಿದ್ದು?"