ನಾಗವ್ವನ ಕೈಗುಣ

ಹಂದಿ ಎಂಬ ಮಾತನ್ನು ನಾಗವ್ವ ಮನೆಯಲ್ಲಿ ಬಾಯಿ ತಪ್ಪಿಯೂ ಆಡುತ್ತಿರಲಿಲ್ಲ. ಇಂಡಿ ಕಡೆಯ ಬೀಗರು ಕೇಳಿದರೆ ‘ಪಶು ಆಹಾರದ ಕಂಪನ್ಯಾಗ ಕೆಲಸ’ ಅನ್ನುತ್ತಿದ್ದಳು. ಸುಳ್ಳೇನಲ್ಲವಲ್ಲ! ಹಡಪಸರ ದಾಟಿ ಸಾಸವಡದ ದಾರಿಯಲ್ಲಿದ್ದ ತಗಡಿನ ಶೆಡ್ಡಿನಲ್ಲಿ ಇಪ್ಪತ್ತು ಹಂದಿಮರಿಗಳಿಗೆ ಮೇವು ಹಾಕಿ, ಹೊಲಸು ಬಳಿದು, ಅಲ್ಲೇ ನಳದ ಕೆಳಗೆ ಮೈ ತೊಳೆದುಕೊಂಡು ಬಸ್ಸು ಹತ್ತುತ್ತಿದ್ದಳು.

ಆ ಕೆಲಸದಲ್ಲಿ ಅವಳನ್ನು ಹಿಡಿದಿಟ್ಟದ್ದು ನೀರಜಾ. ಧಾರವಾಡದ ಹುಡುಗಿ, ಪಶು ಆಹಾರದಲ್ಲಿ ದೊಡ್ಡ ಓದು ಓದಿ ಕಂಪನಿಗೆ ಬಂದವಳು. ಮೊದಲನೇ ದಿನವೇ “ನಾಗವ್ವಾ, ಚಹಾ ಕುಡೀರಿ” ಅಂದಿದ್ದಳು. ಇಡೀ ದಿನ ಮರಾಠಿ ಕೇಳಿ ಕಿವಿ ಸೋತಿದ್ದ ನಾಗವ್ವನಿಗೆ ಅಷ್ಟೇ ಸಾಕಾಯಿತು. ನಮ್ಮ ಕಡೆ ಹುಡುಗಿ, ಇವಳಿಗೆ ಕೆಟ್ಟದ್ದಾಗಗೊಡಬಾರದು ಎಂದು ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು. ಆ ಗಂಟೇ ಮುಂದೆ ಉರುಲಾಗುತ್ತದೆ ಅಂತ ಅವಳಿಗೇನು ಕನಸು ಬಿದ್ದಿತ್ತೇ?

ಅದು ತೊಂಬತ್ತೇಳನೇ ಇಸವಿ. ಕಂಪನಿಗೆ ಎಣ್ಣೆ ಗಿರಣಿಗಳಿಂದ ಶೇಂಗಾ ಸಿಪ್ಪೆ ರಾಶಿಗಟ್ಟಲೆ ಸಿಗುತ್ತಿತ್ತು. ಅದನ್ನು ಬೀಸಿ ಮೇವಿನಲ್ಲಿ ಮೂರರಲ್ಲೊಂದು ಪಾಲು ಬೆರೆಸಿದರೆ ಬೆಳೆಯುವ ಮರಿಗಳು ತಾಳುತ್ತವೆಯೇ, ನೋಡಿ ಹೇಳಬೇಕು ಎಂದು ಮ್ಯಾನೇಜರ್ ಅವಧೂತ ಸಾಹೇಬರು ನೀರಜಾಗೆ ಕೆಲಸ ಒಪ್ಪಿಸಿದ್ದರು. ಆಚೆ ದೊಡ್ಡಿಯ ಹತ್ತು ಮರಿಗಳಿಗೆ ಮಾಮೂಲು ಮೇವು. ಈಚೆ ದೊಡ್ಡಿಯ ಹತ್ತಕ್ಕೆ ಸಿಪ್ಪೆ ಬೆರೆಸಿದ್ದು. ಪ್ರತಿ ಸೋಮವಾರ ತೂಕ.

ಸಿಪ್ಪೆಯ ಮರಿಗಳು ತಿಂದವು, ಮತ್ತೆ ತಿಂದವು. ಹೊಟ್ಟೆ ಡೊಳ್ಳಿನ ಹಾಗೆ ಉಬ್ಬಿತು, ಬೆನ್ನುಮೂಳೆ ಮಾತ್ರ ಎದ್ದೇ ನಿಂತಿತ್ತು. ನಾಗವ್ವ ಒಂದು ಬುಟ್ಟಿ ಹೊಲಸು ಬಳಿಯುವ ಕಡೆ ಎರಡು ಬುಟ್ಟಿ ಬಳಿದಳು. ತಿಂದು ಮಲಗಿದ ಮರಿಗಳು ಗಳಿಗೆಯೊಳಗೆ ಎದ್ದು ಕಿರುಚುತ್ತಿದ್ದವು. ಹೊಟ್ಟೆ ತುಂಬಿಯೂ ಹಸಿದವರ ಕೂಗು ಅದು, ಕೇಳಲಾಗುತ್ತಿರಲಿಲ್ಲ.

“ಯಾಕ್ರೀ ಬಾಯಾರ, ಇವಕ್ಕೇನಾಗೇದ?”

“ನಾರು ಹೆಚ್ಚಾಗೇದ್ರಿ ನಾಗವ್ವಾ. ಬೆಳಿಯೂ ಮರಿಗೆ ನಾರು ಚೂರು ಬೇಕು. ಭಾಳ ಆತಂದ್ರ ಹೊಟ್ಟಿ ತುಂಬತದ, ಮೈ ತುಂಬಂಗಿಲ್ಲ.”

ನಾಲ್ಕನೇ ಸೋಮವಾರ ಅವಧೂತ ಸಾಹೇಬರು ಬಂದು ತೂಕದ ಹಾಳೆ ನೋಡಿದರು. ತಿಂಗಳೊಳಗೆ ಅಂಕಿ ಏರದಿದ್ದರೆ ಶೆಡ್ಡಿಗೆ ಕೀಲಿ, ನೀನೂ ಧಾರವಾಡದ ಗಾಡಿ ಹತ್ತು ಎಂದು ಮರಾಠಿಯಲ್ಲಿ ಹೇಳಿಹೋದರು. ನೀರಜಾ ಮೇವಿನ ಕೋಣೆಗೆ ಹೋಗಿ ಚೀಲಗಳ ಮೇಲೆ ಮುಖವಿಟ್ಟು ಅತ್ತಳು. ನಾಗವ್ವ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು.

ನಾಗವ್ವನ ಗಂಡ ಸಿದ್ರಾಮಪ್ಪ ಬೇಕರಿಯೊಂದರ ಭಟ್ಟಿಯಲ್ಲಿ ದುಡಿಯುತ್ತಿದ್ದ. ಅಲ್ಲಿ ಮಾರಾಟವಾಗದೆ ಉಳಿದ ಪಾವು ಬ್ರೆಡ್ಡು ದಿನಾ ಒಂದು ಚೀಲ ತಿಪ್ಪೆಗೆ ಹೋಗುತ್ತಿತ್ತು. ಮರುದಿನದಿಂದ ಆ ಚೀಲ ನಾಗವ್ವನ ತಲೆಯೇರಿತು. ಬೆಳಗಿನ ಮೊದಲ ಬಸ್ಸಿಗೆ ಬಂದು, ಯಾರೂ ಬರುವ ಮೊದಲೇ ಪಾವು ನೀರಿನಲ್ಲಿ ನೆನೆಸಿ ಸಿಪ್ಪೆಯ ದೊಡ್ಡಿಗೆ ಸುರಿದು, ಬಾನಿ ತೊಳೆದಿಡುತ್ತಿದ್ದಳು. ಹೆಣ್ಣುಮಗಳ ಹೊಟ್ಟೆ ತಣ್ಣಗಿರಲಿ, ಮರಿಗಳ ಹೊಟ್ಟೆಯೂ ತಣ್ಣಗಿರಲಿ. ಇದರಲ್ಲಿ ತಪ್ಪೇನಿದೆ, ನೀವೇ ಹೇಳಿ.

ಮರಿಗಳು ಕೂಗುವುದು ನಿಂತಿತು. ಬೆನ್ನು ತುಂಬಿತು. ನೀರಜಾ ತೂಕದ ಕಾಟಾ ಎರಡೆರಡು ಸಲ ತಪಾಸಣೆ ಮಾಡಿದಳು, ಮೇವಿನ ಚೀಲ ಬಿಚ್ಚಿ ಮೂಸಿ ನೋಡಿದಳು. ಕೊನೆಗೆ ಮರಿಗಳ ಕರುಳು ಸಿಪ್ಪೆಗೆ ಹೊಂದಿಕೊಂಡಿರಬೇಕು ಎಂದು ಬರೆದು ಸಹಿ ಹಾಕಿದಳು. ಅವಧೂತ ಸಾಹೇಬರು ಪೇಢೆ ಹಂಚಿದರು. “ಎಲ್ಲಾ ನಾಗವ್ವನ ಕೈಗುಣ” ಎಂದು ನೀರಜಾ ನಕ್ಕಾಗ ನಾಗವ್ವನಿಗೆ ಕಾಲು ನೆಲಕ್ಕೆ ಹತ್ತಲಿಲ್ಲ.

ಆರು ತಿಂಗಳಲ್ಲಿ ಸಿಪ್ಪೆಯ ಮೇವು ಚೀಲ ಹೊಲಿಸಿಕೊಂಡು ಊರೂರಿಗೆ ಹೋಯಿತು. ಅಗ್ಗದ ಮೇವು, ಬಡವರೇ ಕೊಂಡರು.

ಸಾಸವಡದ ಏಕನಾಥ ಹಾಗೆ ಕೊಂಡವನು. ಮನೆ ಹಿಂದೆ ಹನ್ನೆರಡು ಹಂದಿ ಸಾಕಿಕೊಂಡು ಬದುಕುವವನು. ಒಂದು ಮಧ್ಯಾಹ್ನ ಲೂನಾ ಗಾಡಿಯ ಹಿಂದೆ ಬುಟ್ಟಿ ಕಟ್ಟಿಕೊಂಡು ಶೆಡ್ಡಿಗೆ ಬಂದ. ಬುಟ್ಟಿಯಲ್ಲಿ ಐದು ತಿಂಗಳ ಹಂದಿ. ಐದು ತಿಂಗಳ ಹಂದಿ ಬುಟ್ಟಿಯಲ್ಲಿ ಹಿಡಿಯಿತು ಅಂದರೆ ಅದರ ಗತಿ ತಿಳಿದುಕೊಳ್ಳಿ. ಎರಡು ಆಗಲೇ ಸತ್ತಿದ್ದವಂತೆ.

“ನಮ್ಮ ಮೇವು ಮಾರಿಕೊಂಡು ಇವಕ್ಕೆ ಕಸ ಹಾಕಿದ್ದೀರಿ” ಎಂದು ನೀರಜಾ ನಾಲ್ಕು ಮಂದಿಯೆದುರು ಮರಾಠಿಯಲ್ಲಿ ಗದರಿದಳು. “ಇಲ್ಲಿ ನೋಡಿ, ಅದೇ ಮೇವು ತಿಂದ ಹಂದಿ ಹೇಗಿವೆ!”

“ದೇವಾಶಪ್ಪತ್ ಬಾಯೀ!” ದೇವರ ಮೇಲೆ ಆಣೆಯಿಟ್ಟು ಏಕನಾಥ ಬಗ್ಗಿ ನೆಲ ಮುಟ್ಟಿದ. ಒಂದು ಹಿಡಿಯನ್ನೂ ಮಾರಿಲ್ಲ, ಹೆಂಡತಿ ಕೈಯಾರೆ ಕಲಸಿ ಹಾಕುತ್ತಾಳೆ ಎಂದ. ತಿನ್ನುತ್ತವೆ, ಮಲಗುತ್ತವೆ, ಎದ್ದು ಕಿರುಚುತ್ತವೆ ಎಂದ.

ಆ ಕಿರುಚಾಟ ನಾಗವ್ವನಿಗೆ ಗೊತ್ತಿತ್ತು.

ಅವಧೂತ ಸಾಹೇಬರು ದೊಡ್ಡ ಮನಸ್ಸು ಮಾಡಿ ಏಕನಾಥನಿಗೆ ಅದೇ ಮೇವಿನ ಒಂದು ಚೀಲ ಪುಕ್ಕಟೆ ಕೊಡಿಸಿದರು. ಅವನು ಕೈ ಮುಗಿದು ಲೂನಾ ಹತ್ತಿದ ಮೇಲೆ ನಾಗವ್ವ ನೀರಜಾಳನ್ನು ಮೇವಿನ ಕೋಣೆಗೆ ಕರೆದು ಎಲ್ಲ ಹೇಳಿದಳು. ಹೇಳುವಾಗ ಧೈರ್ಯವೇ ಇತ್ತು. ಓದಿದ ಹುಡುಗಿ, ಸರಿ ಮಾಡುತ್ತಾಳೆ.

ನೀರಜಾ ಮೇವಿನ ಚೀಲದ ಮೇಲೆ ಕೂತಳು.

“ದಿನಾ ಎಷ್ಟ ಹಾಕ್ತಿದ್ರಿ?”

“ಒಂದ ಚೀಲ ರೀ. ನೀವು ಅತ್ರಿ, ನನಗ ನೋಡಾಕ ಆಗಲಿಲ್ಲ...”

“ನಾ ಸೋತಿದ್ದಕ್ಕ ಅತ್ತಿರಲಿಲ್ಲ ನಾಗವ್ವಾ. ಮರಿ ಬೆಳೀಲಿಲ್ಲ ಅನ್ನೂದೂ ಒಂದು ಉತ್ತರನ. ಆ ಉತ್ತರ ಸಾಹೇಬರಿಗೆ ಬ್ಯಾಡಾಗಿತ್ತು, ಅದಕ್ಕ ಅತ್ತೆ. ಉತ್ತರ ನನ್ನ ಕೈಯಾಗ ಇತ್ತಲ್ರಿ!”

ಎದ್ದವಳೇ ಸಾಹೇಬರ ಕೋಣೆಗೆ ಹೋದಳು. ನಾಗವ್ವ ನಳದ ಹತ್ತಿರ ಕೂತು ಕಾದಳು. ಶೆಡ್ಡು ಮುಚ್ಚಿದರೆ ಮುಚ್ಚಲಿ, ತನ್ನನ್ನು ಹೊರಗೆ ಹಾಕಿದರೆ ಹಾಕಲಿ, ಆ ಏಕನಾಥನಿಗೆ ಒಂದು ಮಾತು ಹೇಳಿ ಕಳಿಸಿದರೆ ಸಾಕು ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಅರ್ಧ ತಾಸಿಗೆ ನೀರಜಾ ಹೊರಗೆ ಬಂದಳು. ನಾಗವ್ವನ ಮುಖ ನೋಡಲಿಲ್ಲ.

“ಕಾಗದದ ಮ್ಯಾಲೆ ನನ್ನ ಸಹಿ ಅದ. ಕೇಸಾದ್ರ ಜೈಲಿಗೆ ಹೋಗಾಕಿ ನೀನ ಅಂದ್ರು. ಮುಂದಿನ ತಿಂಗಳು ಹಂದಿ ಸಾಕೂ ಮಂದಿ ನೋಡಾಕ ಬರ್ತಾರಂತ. ಹೊಸ ಮರಿ ತರಸ್ತಾರ. ಸಿಪ್ಪಿ ಇನ್ನೂ ಹೆಚ್ಚ ಮಾಡಬೇಕಂತ.”

“ಹಂಗಾದ್ರ?”

“ನಾಗವ್ವಾ... ಇನ್ನ ಮ್ಯಾಲೆ ಎರಡ ಚೀಲ ತರ್ರಿ.”

ಚೇಷ್ಟೆ ಮಾಡುತ್ತಿದ್ದಾಳೆಂದು ನಾಗವ್ವ ಕಾದಳು. ನೀರಜಾ ನಗಲಿಲ್ಲ. ಥೂ, ನಾನೇ ಕಲಿಸಿಕೊಟ್ಟೆನಲ್ಲ ಎಂದು ನಾಗವ್ವ ಹಣೆ ಬಡಿದುಕೊಂಡಳು.

ತಂದಳು. ತರದೆ ಏನು ಮಾಡಿಯಾಳು? ನೀರಜಾ ತಾನೂ ಬೆಳಿಗ್ಗೆ ಬೇಗ ಬಂದು, ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಪಾವು ಮುರಿಯತೊಡಗಿದಳು. ಕನ್ನಡವಾಡಲು ಇಬ್ಬರಿದ್ದರೂ ಆ ಶೆಡ್ಡಿನಲ್ಲಿ ಕನ್ನಡ ಕೇಳಿಸಲಿಲ್ಲ.

ಮಂದಿ ಬಂದ ದಿನ ಏಕನಾಥನೂ ಬಂದಿದ್ದ. ಅವನ ಹಂದಿಗಳಲ್ಲಿ ಈಗ ಐದು ಉಳಿದಿದ್ದವು. ಪುಷ್ಟವಾಗಿ ಬೆಳೆದ ಮರಿಗಳನ್ನು ದೊಡ್ಡಿಯ ಕಟಾಂಜನದ ಸರಳು ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ನಾಗವ್ವನ ಹತ್ತಿರ ಬಂದು, ನೀರಜಾ ಬಾಯಿಯವರು ಅವತ್ತು ಬೈದದ್ದು ಸರಿಯಾಗಿತ್ತು, ಮೇವಿನಲ್ಲಿ ತಪ್ಪಿಲ್ಲ ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದ.

“ನಿಮ್ಮ ಕೈಗುಣ ದೊಡ್ಡದು. ನನ್ನ ಹೆಂಡತಿಯ ಕೈಯಲ್ಲೇ ಏನೋ ದೋಷ ಇದೆ. ಇನ್ನು ಮೇಲೆ ನಾನೇ ಕಲಸಿ ಹಾಕ್ತೇನೆ.”

ನಾಗವ್ವ ಬಾಯಿ ತೆರೆದಳು. ಆಚೆ ಮಂದಿಯ ನಡುವೆ ನಿಂತಿದ್ದ ನೀರಜಾ ತನ್ನತ್ತಲೇ ನೋಡುತ್ತಿದ್ದಳು, ಮುಖ ಬಿಳಿಚಿತ್ತು. ನಮ್ಮ ಕಡೆ ಹುಡುಗಿ. ನಾಗವ್ವ ಬಾಯಿ ಮುಚ್ಚಿ ಸೆರಗು ಹೊದ್ದುಕೊಂಡಳು.

ಏಕನಾಥ ಎರಡು ಚೀಲ ಮೇವು ಕೊಂಡ. ಎರಡನೆಯದು ಲೂನಾದ ಮೇಲೆ ನಿಲ್ಲಲಿಲ್ಲ, ಜಾರುತ್ತಿತ್ತು. ನಾಗವ್ವ ಹೋಗಿ ಹಿಡಿದುಕೊಂಡು ಹಗ್ಗ ಬಿಗಿದು ಕೊಟ್ಟಳು.